ಮೆಗಲನ್‌ಗೆ ಊದುಬತ್ತಿ

ಪೋರ್ಚುಗೀಸ್ ಕ್ಯಾಪ್ಟನ್ ಲಾಂಚ್ ಬೋಟಿನ ಚುಕ್ಕಾಣಿ ಕೋಣೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸಿದಾಗ ಕೊರಗಪ್ಪ ಅದನ್ನು ಭಕ್ತಿ ಎಂದೇ ತಿಳಿದ. ಮೈಸೂರಿನ ಊದುಬತ್ತಿಯ ಮುಂದೆ ಎಂಥೆಂಥ ಕ್ಯಾಪ್ಟನ್ನರ ಮೂಗೂ ಮೆತ್ತಗಾಗುವುದನ್ನು ಅವನು ಕಂಡಿದ್ದ. ಕ್ಯಾಪ್ಟನ್ ಬಗ್ಗಿ ಒಳಗೆ ಬಂದ. ಗಾಜಿನ ಮೇಲಿನ ಪುಟ್ಟ ಹಲಗೆಯಲ್ಲಿ ಮೂರು ಫೋಟೋಗಳಿದ್ದವು. ಒಂದು ಉಡುಪಿಯ ಕೃಷ್ಣ. ಇನ್ನೊಂದು ಕಡಲಿಗೆ ಹೋಗುವವರನ್ನು ಕಾಯುವ ಬೊಬ್ಬರ್ಯ ದೈವದ ಗುಡಿ. ಮೂರನೆಯದರಲ್ಲಿ ಉದ್ದ ಗಡ್ಡದ, ಚಪ್ಪಟೆ ಟೋಪಿಯ, ಸಾಲ ಕೇಳಿದವನನ್ನು ನೋಡುವ ಹಾಗೆ ನೋಡುತ್ತಿದ್ದ ಒಬ್ಬ ಮಹಾಪುರುಷ. ಮೂವರಿಗೂ ಬೆಳಗಿನ ಹೂವು ಬಿದ್ದಿತ್ತು. ಮೂರನೆಯವನಿಗೆ ಒಂದು ಎಸಳು ಜಾಸ್ತಿಯೇ.

ಕ್ಯಾಪ್ಟನ್ ತನ್ನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಇವರಿಗೆ ಯಾಕೆ ಪೂಜೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮ ಬೋಟಿಗೆ ಇವರದೇ ಹೆಸರು ಸರ್," ಎಂದ ಕೊರಗಪ್ಪ. "ಮೆಗಲನ್. ನಿಮ್ಮ ದೇಶದವರು. ಭೂಮಿಗೆ ಸುತ್ತು ಹಾಕಿ ಬಂದವರು."

ಕ್ಯಾಪ್ಟನ್ ಫೋಟೋ ನೋಡಿದ. ಹೊರಗೆ ತೂಗುತ್ತಿದ್ದ ಕಿತ್ತಳೆ ಬಣ್ಣದ ಲೈಫ್‌ಬಾಯ್ ತೇಲುಬಳೆಯ ಮೇಲಿನ 'ಮೆಗಲನ್' ಎಂಬ ಅಕ್ಷರ ನೋಡಿದ. ಮತ್ತೆ ಫೋಟೋ ನೋಡಿದ. ಆಮೇಲೆ, ಸಾವಿನ ಸುದ್ದಿ ಹೇಳುವವರು ಬಳಸುವ ಮೃದುವಾದ ದನಿಯಲ್ಲಿ, "ಗೆಳೆಯ, ಇವರು ವಾಸ್ಕೋ ಡ ಗಾಮ," ಎಂದ.

ಲಾಂಚ್ ತುಂಬ ಜನರಿದ್ದರು. ಕ್ಯಾಪ್ಟನ್ನನ ಹಡಗಿನಿಂದಲೇ ದಡಕ್ಕೆ ಹೊರಟಿದ್ದ ಫಿಲಿಪೈನ್ಸ್‌ನ ನಾವಿಕರು, ಹೊಸ ಶರ್ಟು, ಹೊಸ ಸೆಂಟು. ಅವರಲ್ಲಿ ಹಿರಿಯನಂತೆ ಕಾಣುತ್ತಿದ್ದವನೊಬ್ಬ ಕತ್ತು ಚಾಚಿ, "ಮೆಗಲನ್ ನಮಗೆ ಚೆನ್ನಾಗಿ ಗೊತ್ತು ಅಂಕಲ್," ಎಂದ. "ನಮ್ಮೂರಿಗೆ ಬಂದಿದ್ದರು."

"ಹೌದಾ? ಯಾವಾಗ ವಾಪಸ್ ಹೋದ್ರು?" ಎಂದ ಕೊರಗಪ್ಪ, ಮಾತು ಬೇರೆ ಕಡೆ ತಿರುಗಿದ್ದಕ್ಕೆ ಖುಷಿಪಟ್ಟು.

"ಹೋಗಲಿಲ್ಲ. ನಮ್ಮವರು ಕೊಂದುಬಿಟ್ಟರು."

ಇಡೀ ಲಾಂಚ್ ನಕ್ಕಿತು. ಇಷ್ಟು ವರ್ಷ ಫಿಲಿಪೈನ್ಸ್‌ನವರು ಈ ಬೋಟು ಹತ್ತುವಾಗ ಹೆಸರು ಓದಿ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದುದು ಕೊರಗಪ್ಪನಿಗೆ ನೆನಪಾಯಿತು. ಹುಟ್ಟಾ ನಗುಮೊಗದ ಜನ ಎಂದುಕೊಂಡಿದ್ದ. ಅವನು ಸಿಟ್ಟಿನಿಂದ ನೆಲದ ಮುಚ್ಚಳ ಎತ್ತಿ, ಕೆಳಗೆ ಇಂಜಿನ್ ನೋಡಿಕೊಳ್ಳುವ ಲತೇಶನಿಗೆ ಕೂಗಿದ.

"ಲತೇಶಾ, ಈ ಫೋಟೋ ನೀನೇ ಅಲ್ವಾ ಪ್ರಿಂಟ್ ಹಾಕಿಸಿದ್ದು?"

ಕೆಳಗಿನಿಂದ ಗ್ರೀಸ್ ಮೆತ್ತಿದ ಮುಖವೊಂದು ಮೇಲೆ ಬಂತು. "ಹೌದು. ಎಂಥ ಆಯ್ತು?"

"ಇದು ಮೆಗಲನ್ ಅಲ್ಲ ಅಂತೆ."

ಲತೇಶ ಫೋಟೋವನ್ನು ಒಂದು ಕ್ಷಣ ದಿಟ್ಟಿಸಿದ. "ಗಡ್ಡ ಉಂಟಲ್ಲ?" ಎಂದು ಕೇಳಿ ಮತ್ತೆ ಕೆಳಗಿಳಿದ.

ಬೇರೆ ಯಾವ ದಿನವಾದರೂ ಕೊರಗಪ್ಪ ಈ ಅವಮಾನವನ್ನು ಒಂದು ಲೋಟ ಕೋಪಿ-ಓ ಕಪ್ಪು ಕಾಫಿಯ ಜೊತೆ ನುಂಗಿ ಮರೆಯುತ್ತಿದ್ದ. ಆದರೆ ಎರಡೇ ದಿನದ ಹಿಂದೆ ಅವನು ಹೆಂಡತಿ ಪುಷ್ಪಾವತಿಗೆ ಇದೇ ಮೆಗಲನ್ ಮೇಲೆ ಆಣೆಯಿಡುವಂತೆ ಒಂದು ಮಾತು ಹೇಳಿದ್ದ. ಆ ಮಾತಿನ ಬಲದ ಮೇಲೆ, ಮದುವೆಯಾದ ಮೇಲೆ ಮೊದಲ ಬಾರಿಗೆ, ಅವಳು ಅವನ ಬೋಟು ಹತ್ತಲು ಒಪ್ಪಿದ್ದಳು.

ಸಿಂಗಾಪುರಕ್ಕೆ ಬರುವ ಹಡಗುಗಳಲ್ಲಿ ಎಷ್ಟೋ ದಡವನ್ನು ಮುಟ್ಟುವುದೇ ಇಲ್ಲ. ದಕ್ಷಿಣದ ಕಡಲಿನಲ್ಲಿ ಲಂಗರು ಇಳಿಸಿ, ಬೇಕಾದಷ್ಟು ಎಣ್ಣೆ ಹಾಕಿಕೊಂಡು ಹಾಗೇ ಮುಂದೆ ಹೋಗುತ್ತವೆ. ಹಡಗಿನ ಎಣ್ಣೆ ಅಲ್ಲಿಗೇ ಬರುತ್ತದೆ. ನಾವಿಕರು ಮಾತ್ರ ತಮ್ಮ ಎಣ್ಣೆಗೆ ದಡಕ್ಕೇ ಬರಬೇಕು. ಅವರನ್ನು ಕರೆತರುವುದು, ಮತ್ತೆ ಕೊಂಡೊಯ್ದು ಬಿಡುವುದು, ನಡುವೆ ಔಷಧಿ, ಟಪಾಲು, ಬಿಡಿಭಾಗ, ಒಮ್ಮೊಮ್ಮೆ ಯಾರದೋ ಹುಟ್ಟುಹಬ್ಬದ ಕೇಕು, ಇವನ್ನೆಲ್ಲ ಮುಟ್ಟಿಸುವುದು ಲಾಂಚಿನ ಕೆಲಸ. ಪಾಸಿರ್ ಪಂಜಾಂಗ್ ಕಡೆಯ ಒಂದು ಸಣ್ಣ ಕಂಪನಿಯಲ್ಲಿ ಕೊರಗಪ್ಪ ಲಾಂಚ್ ಡ್ರೈವರ್. ವ್ಯಾಕರಣದಲ್ಲಿ ಸಂಧಿ ಎಂದರೆ ಎರಡು ಸೇರಿ ಒಂದಾಗುವುದು. ಸಿಂಗಾಪುರದ ಜಲಸಂಧಿಯಲ್ಲಿ ಎರಡು ಸೇರಿದರೆ ಮರುದಿನ ಪೇಪರಿನಲ್ಲಿ ಬರುತ್ತದೆ. ಮನೆಯಷ್ಟೆತ್ತರದ ಹಡಗುಗಳ ನಡುವೆ, ಮದುವೆ ಊಟದ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದವನ ಹಾಗೆ, ಯಾರಿಗೂ ತಾಗದೆ ಯಾರಿಗೂ ಚೆಲ್ಲದೆ ಅವನು ಓಡಾಡಿಕೊಂಡಿದ್ದ. ಇದುವರೆಗೆ ಸಂಧಿಯಾಗಿರಲಿಲ್ಲ.

ಮಲ್ಪೆಯ ಹುಡುಗನಿಗೆ ಇದು ದೊಡ್ಡ ವಿದ್ಯೆಯೇನಲ್ಲ. ಕಷ್ಟವಾದದ್ದು ಮಲ್ಪೆಯ ಹುಡುಗಿಯನ್ನು ಒಪ್ಪಿಸುವುದು. ಪುಷ್ಪಾವತಿಯ ಸೋದರಮಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರದ ದಂಡೆ ಸುತ್ತಿಸುತ್ತಿದ್ದವನು. ಅವಳು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ದೋಣಿಯಲ್ಲಿ ಹೋದ. ದೋಣಿಯೂ ಬರಲಿಲ್ಲ, ಅವನೂ ಬರಲಿಲ್ಲ. ಅಂದಿನಿಂದ ಅವಳು ನೀರಿನ ಮೇಲೆ ತೇಲುವ ಯಾವುದನ್ನೂ ಹತ್ತಿದವಳಲ್ಲ. ಮದುವೆಯ ಮಾತುಕತೆಯಲ್ಲಿ ದಲ್ಲಾಳಿ, "ಹುಡುಗ ಸಿಂಗಾಪುರದಲ್ಲಿ ಶಿಪ್ಪಿಂಗ್ ಲೈನಿನಲ್ಲಿದ್ದಾನೆ" ಎಂದಿದ್ದ. ಪುಷ್ಪಾವತಿ ಅಲ್ಲಿಯ ಆಫೀಸುಗಳ ಬಡಾವಣೆ ತಂಜಾಂಗ್ ಪಗಾರ್‌ನ ಫೋಟೋ ನೋಡಿ, ಆ ಎತ್ತರದ ಕಟ್ಟಡಗಳಲ್ಲಿ ಒಂದರೊಳಗೆ ಟೈ ಕಟ್ಟಿಕೊಂಡು ಎಸಿಯಲ್ಲಿ ಕೂತ ಗಂಡನನ್ನು ಕಲ್ಪಿಸಿಕೊಂಡಳು. ಬಂದು ನೋಡಿದರೆ ಕೊರಗಪ್ಪನ ಕುತ್ತಿಗೆಯಲ್ಲಿ ಇದ್ದದ್ದು ಟೈ ಅಲ್ಲ, ಲೈಫ್ ಜಾಕೆಟ್ಟು.

ಅವಳು ಜಗಳವಾಡಲಿಲ್ಲ. ಊಟ ಕಟ್ಟಿಕೊಟ್ಟಳು. ಮಗಳು ಯಶ್ಮಿತಾ ಹುಟ್ಟಿದಳು, ಬೆಳೆದಳು, ಈಗ ಪಾಲಿಟೆಕ್ನಿಕ್‌ಗೆ ಹೋಗುತ್ತಾಳೆ. ಊಟದ ಡಬ್ಬಿ ಒಂದು ದಿನವೂ ತಪ್ಪಲಿಲ್ಲ. ಲಾಂಚಿಗೆ ಲಂಚ್ ಬರುತ್ತಿತ್ತು, ಲಂಚ್ ಕಟ್ಟಿದವಳು ಲಾಂಚಿಗೆ ಬರುತ್ತಿರಲಿಲ್ಲ. ಪಾಸಿರ್ ರಿಸ್‌ನಲ್ಲಿ ಮನೆ, ಎದುರಿಗೇ ಬೀಚ್ ಪಾರ್ಕು, ಆದರೂ ಅವಳು ರಿಸ್ಕ್ ತೆಗೆದುಕೊಂಡವಳಲ್ಲ. ಪಾರ್ಕಿನ ಬೆಂಚಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಕಡಲಿಗೂ ಅವಳಿಗೂ ವ್ಯವಹಾರವಿತ್ತು. ಹನ್ನೊಂದನೆಯ ಮಹಡಿಯ ಅವರ ಅಡುಗೆಮನೆಯ ಕಿಟಕಿಯಿಂದ ಒಂದು ಪಟ್ಟಿಯಷ್ಟು ನೀರು ಕಾಣುತ್ತದೆ, ಅದರ ಮೇಲೆ ಯಾವಾಗಲೂ ಒಂದೆರಡು ಹಡಗು. ಆ ಮನೆಗೆ ಬಂದ ಹೊಸದರಲ್ಲಿ ಅವಳು ಗಂಡನಿಗೆ ಬಡಿಸುತ್ತಾ ಕೇಳಿದ್ದಳು, "ನಮ್ಮ ಈ ಕಿಟಕಿಯ ಲೈಟ್ ಹಾಕಿಟ್ರೆ ನಿಮ್ಗೆ ಬೋಟಿಂದ ಕಾಣ್ತದಾ?" ಬಂಗುಡೆಯ ಮುಳ್ಳು ಬಿಡಿಸುತ್ತಿದ್ದ ಕೊರಗಪ್ಪ "ಹೂಂ" ಎಂದಿದ್ದ. ಅಂದಿನಿಂದ ಹೊತ್ತು ಇಳಿಯುವ ಮೊದಲೇ ಆ ಟ್ಯೂಬ್‌ಲೈಟ್ ಹತ್ತಬೇಕು; ಅವನು ಬಾಗಿಲೊಳಗೆ ಕಾಲಿಟ್ಟ ಮೇಲೆಯೇ ಆರಬೇಕು. ಯಶ್ಮಿತಾ ಅದಕ್ಕೆ ಅಮ್ಮನ ಲೈಟ್‌ಹೌಸ್ ಎಂದು ಹೆಸರಿಟ್ಟಿದ್ದಳು.

ಪ್ರತಿ ವರ್ಷ ಆಯುಧ ಪೂಜೆಗೆ ಕೊರಗಪ್ಪ ಬೋಟಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದ. ಪ್ರತಿ ವರ್ಷ ಹೆಂಡತಿಯನ್ನು ಕರೆಯುತ್ತಿದ್ದ. ಪ್ರತಿ ವರ್ಷ ಅವಳು ಪ್ರಸಾದಕ್ಕೆ ಅವಲಕ್ಕಿ ಕಟ್ಟಿಕೊಟ್ಟು ತಾನು ಮನೆಯಲ್ಲಿ ಉಳಿಯುತ್ತಿದ್ದಳು. ಈ ವರ್ಷದ್ದು ಕೊನೆಯ ಪೂಜೆ. ಮಾಲೀಕ ಮಿಸ್ಟರ್ ಸಿಯಾ ಕರೆಂಟಿನಲ್ಲಿ ಓಡುವ ಹೊಸ ಲಾಂಚ್ ತರಿಸುತ್ತಿದ್ದರು. "ಮೆಗಲನ್ ಹಳೇದಾಯ್ತು ಕೋರಾ, ಗುಜರಿಗೆ ಹೋಗಬೇಕು ಲಾ," ಎಂದಿದ್ದರು. "ಹೊಸ ಬೋಟನ್ನೂ ನೀನೇ ಓಡಿಸು. ಪೂಜೆ ದಿನ ಸಂಜೆ ಫ್ಯಾಮಿಲಿ ಕರ್ಕೊಂಡು ಬಾ, ಮೆಗಲನ್‌ನಲ್ಲಿ ಒಂದು ರೌಂಡ್ ಹೋಗಿ ಬಾ."

ಹೊಸ ಬೋಟಿಗೆ ಹೆಸರೇ ಇರಲಿಲ್ಲ, ಬರೀ ನಂಬರು. ತನ್ನ ಸಂಸಾರವನ್ನು ಸಾಕಿದ ಬೋಟಿಗೆ ತನ್ನ ಸಂಸಾರ ಒಮ್ಮೆಯೂ ಕಾಲಿಡದೆ ಅದು ಗುಜರಿಗೆ ಹೋಗುವುದು ಕೊರಗಪ್ಪನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಅಂದು ಮನೆಗೆ ಬಂದವನೇ ಹೆಂಡತಿಯ ಮುಂದೆ ಕೂತ.

"ಈ ಸಲ ಬಾ ಮಾರಾಯ್ತಿ. ಇನ್ನು ಕೇಳ್ಳಿಕ್ಕೆ ಬೋಟೇ ಇರುದಿಲ್ಲ."

ಪುಷ್ಪಾವತಿ ಇನ್ನೂ ನಾಲ್ಕು ತೊಂಡೆಕಾಯಿ ಹೆಚ್ಚಿದಳು. ಆಮೇಲೆ, "ಆ ಮೆಗಲನ್ ಅಂದ್ರೆ ಯಾರು?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ.

"ದೊಡ್ಡ ಮನುಷ್ಯ. ಹಡಗಿನಲ್ಲಿ ಇಡೀ ಭೂಮಿಗೆ ಸುತ್ತು ಹಾಕಿ ಬಂದವ."

"ಎಲ್ಲಿಗೆ ಬಂದದ್ದು?"

"ಎಲ್ಲಿಗೆ ಅಂದ್ರೆ? ಮನೆಗೆ."

"ಮನೆಗೆ ಬಂದ ಅಲ್ವಾ? ಸರಿಯಾಗಿ ಗೊತ್ತುಂಟಾ ನಿಮ್ಗೆ?"

"ಗೊತ್ತುಂಟು. ಅಷ್ಟು ದೊಡ್ಡ ಹೆಸರು ಸುಮ್ಮನೆ ಬರ್ತದಾ?"

ಅವಳು ಚೂರಿ ಕೆಳಗಿಟ್ಟಳು. "ಹಾಗಾದ್ರೆ ಬರ್ತೇನೆ," ಎಂದಳು.

ಅದಾಗಿ ಎರಡೇ ದಿನಕ್ಕೆ ಪೋರ್ಚುಗೀಸ್ ಕ್ಯಾಪ್ಟನ್ ಬಂದು ಮೂಗು ಅರಳಿಸಿದ್ದು.

ಆ ಸಂಜೆ ಕೊರಗಪ್ಪ ಮನೆಗೆ ಹೋಗದೆ ಬ್ಲಾಕಿನ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲೇ ನಿಂತು ಮಗಳಿಗೆ ಫೋನು ಮಾಡಿದ. ಹನ್ನೊಂದು ಮಹಡಿ ಕೆಳಗಿನ ಆ ಕಲ್ಲುಬೆಂಚಿಗೆ ಯಶ್ಮಿತಾ ಚಪ್ಪಲಿ ಎಳೆದುಕೊಂಡು ಬಂದಳು.

"ಏನ್ ಪಪ್ಪಾ, ಮೇಲೆ ಬರೋದಕ್ಕೆ ಆಗಲ್ವಾ? ಅಮ್ಮ ವೇಯ್ಟ್ ಮಾಡ್ತಿದ್ದಾರೆ."

"ಅಮ್ಮ ಬೇಡ. ಆ ಮೆಗಲನ್‌ನ ಕಥೆ ನೋಡು ನಿನ್ನ ಫೋನಲ್ಲಿ. ಮನೆಗೆ ಬಂದನಾ ಇಲ್ವಾ?"

"ನೋಡೋದೇ ಬೇಡ ಪಪ್ಪಾ. ಅವನು ಹಾಫ್‌ವೇ ಸತ್ತೋದ. ಸೆಕೆಂಡರಿ ಸ್ಕೂಲಲ್ಲೇ ಓದಿದ್ದೀನಿ."

"ಮೊದಲೇ ಹೇಳ್ಬೇಕಲ್ಲ ನೀನು?"

"ನೀವು ಕೇಳಿದ್ರೆ ತಾನೇ?" ಎಂದಳು ಮಗಳು. ಆದರೂ ಅಪ್ಪನ ಮುಖ ನೋಡಿ ಫೋನು ತೆಗೆದಳು. "ಐದು ಶಿಪ್ ತಗೊಂಡು ಹೋದ. ರೌಂಡ್ ಮುಗಿಸಿ ಒಂದೇ ವಾಪಸ್ ಬಂತು. ಅದನ್ನ ತಂದವನು ಎಲ್ಕಾನೋ ಅಂತ."

"ಆಯ್ತಲ್ಲ, ಒಬ್ಬ ಬಂದ. ಅವನ ಫೋಟೋ ಹಾಕುವ."

"ಕೇಳಿ ಪಪ್ಪಾ. ಅವನು ನೆಕ್ಸ್ಟ್ ಟೈಮ್ ಮತ್ತೆ ಹೋಗಿ ಪೆಸಿಫಿಕ್‌ನಲ್ಲಿ ಸತ್ತ."

ಕೊರಗಪ್ಪ ಬೆಂಚಿನ ತುದಿಗೆ ಸರಿದ. "ನಮ್ಮ ವಾಸ್ಕೋ ಡ ಗಾಮ? ಅವನು ಮಲ್ಪೆಗೆ ಬಂದವನು. ಅಲ್ಲಿಯ ದ್ವೀಪದಲ್ಲಿ ಇಳಿದಿದ್ದ ಅಂತ ನಮ್ಮ ಕಡೆ ಹೇಳ್ತಾರೆ. ಅವನಾದ್ರೂ?"

"ಫಸ್ಟ್ ಟೈಮ್ ಮನೆಗೆ ಹೋದ. ಸೆಕೆಂಡ್ ಟೈಮೂ ಹೋದ. ಥರ್ಡ್ ಟೈಮ್ ಕೊಚ್ಚಿಯಲ್ಲಿ ಸತ್ತ."

"ಬೇರೆ ಯಾರೂ ಇಲ್ವಾ?"

"ಬಾರ್ತಲೋಮಿಯೋ ಡಯಾಸ್. ಕೇಪ್ ಆಫ್ ಗುಡ್ ಹೋಪ್ ಹತ್ತಿರ ಮುಳುಗಿದ." ಯಶ್ಮಿತಾಳಿಗೆ ಈಗ ನಗು ತಡೆಯಲಾಗುತ್ತಿರಲಿಲ್ಲ. "ಇರಿ, ಒಬ್ಬ ಇದ್ದಾನೆ. ಕಬ್ರಾಲ್. ಇಂಡಿಯಾಗೆ ಬಂದು, ಮನೆಗೆ ವಾಪಸ್ ಹೋಗಿ, ಆರಾಮಾಗಿ ಮನೇಲೇ ಸತ್ತ."

"ಅವನ ಹೆಸರು ನಾನು ಕೇಳೇ ಇಲ್ಲ."

"ಅದೇ ಲಾ ಪಪ್ಪಾ. ಮೆಗಲನ್ ಹೆಸರಲ್ಲಿ ಜಲಸಂಧಿ ಇದೆ, ಪೆಂಗ್ವಿನ್ ಇದೆ, ಆಕಾಶದಲ್ಲಿ ಎರಡು ಗ್ಯಾಲಕ್ಸಿ ಇದೆ. ಮನೆಗೆ ಬಂದವರನ್ನ ಯಾರು ನೆನಪಿಟ್ಕೋತಾರೆ?"

ಕೊರಗಪ್ಪ ಒಂದು ಕ್ಷಣ ಆ ಗ್ಯಾಲಕ್ಸಿಗಳ ಬಗ್ಗೆ ಯೋಚಿಸಿದ. ಮನೆಗೆ ಬಾರದೆ ಇದ್ದದ್ದಕ್ಕೆ ಒಬ್ಬನಿಗೆ ಆಕಾಶದಲ್ಲಿ ಎರಡೆರಡು ಸೈಟು. ದಿನಾ ಬಸ್ಸು, ಎಂಆರ್‌ಟಿ ರೈಲು ಹಿಡಿದು, ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ದಿನಾ ವಾಪಸ್ ಬರುವ ತನ್ನ ಹೆಸರು ಇರುವುದು ಈ ಬ್ಲಾಕಿನ ಕೆಳಗಿನ ಅಂಚೆ ಡಬ್ಬಿಯ ಮೇಲೆ ಮಾತ್ರ, ಅದೂ ಪುಷ್ಪಾವತಿ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು.

"ಅಮ್ಮನಿಗೆ ಹೇಳಿಬಿಡಿ," ಎಂದಳು ಯಶ್ಮಿತಾ. "ಅವರಿಗೆ ಏನೂ ಅನ್ಸಲ್ಲ."

"ನಿನ್ಗೆ ನಿನ್ನ ಅಮ್ಮನ ಮಾವನ ಕಥೆ ಗೊತ್ತಿಲ್ಲ."

"ಗೊತ್ತು ಪಪ್ಪಾ," ಎಂದಳು ಅವಳು, ಈ ಸಲ ನಗದೆ. "ಅದಕ್ಕೇ ಹೇಳ್ತಿದ್ದೀನಿ."

ಕೊರಗಪ್ಪ ಹೇಳಲಿಲ್ಲ. ಅವನು ಎಲ್ಲ ಗಂಡಂದಿರೂ ಮಾಡುವುದನ್ನೇ ಮಾಡಿದ. ಸಮಯ ನೋಡಿ ಹೇಳುತ್ತೇನೆ ಎಂದುಕೊಂಡು ಸಮಯ ಬಂದಾಗಲೆಲ್ಲ ಬೇರೆ ಕಡೆ ನೋಡಿದ. ಪುಷ್ಪಾವತಿ ಬೀರುವಿನಿಂದ ಹಸಿರು ಸೀರೆ ತೆಗೆದಳು. ಇಸ್ತ್ರಿ ಮಾಡಿದಳು. ಬೋಟಿನಲ್ಲಿ ಗಾಳಿ ಜೋರು, ಪಿನ್ನು ಹೆಚ್ಚು ಬೇಕು ಎಂದು ಅಂಗಡಿಗೆ ಹೋಗಿ ಪಿನ್ನು ತಂದಳು. ಊಟ ಮಾಡುವಾಗ ಏನೋ ನೆನಪಾದವಳಂತೆ ಒಮ್ಮೊಮ್ಮೆ, "ಪಾಪ, ಎಷ್ಟು ಕಷ್ಟಪಟ್ಟು ಮನೆಗೆ ಬಂದಿರ್ಬೇಕು ಆ ಮನುಷ್ಯ," ಎನ್ನುತ್ತಿದ್ದಳು. ಆಗೆಲ್ಲ ಕೊರಗಪ್ಪ ಬೇಡದಿದ್ದರೂ ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಿದ್ದ. ಯಶ್ಮಿತಾ ತಟ್ಟೆಯಿಂದ ಕಣ್ಣೆತ್ತಿ ಅಪ್ಪನನ್ನು ನೋಡುತ್ತಿದ್ದಳು.

ಫೋಟೋದ ವಿಷಯವೂ ಉಳಿದಿತ್ತು. ತೆಗೆದುಬಿಡೋಣ ಎಂದರೆ ಇಷ್ಟು ವರ್ಷ ಹೂವು, ಊದುಬತ್ತಿ ತೆಗೆದುಕೊಂಡವನನ್ನು, ತಪ್ಪು ವಿಳಾಸಕ್ಕೆ ಬಂದಿದ್ದಾನೆ ಎಂಬ ಒಂದೇ ಕಾರಣಕ್ಕೆ ಕಸದ ಬುಟ್ಟಿಗೆ ಹಾಕಲು ಕೊರಗಪ್ಪನಿಗೆ ಕೈ ಬರಲಿಲ್ಲ. ಅದೂ ಅಲ್ಲದೆ ಈ ಗಾಮ ಎಂದೋ ತಮ್ಮ ಗ್ರಾಮಕ್ಕೆ ಬಂದ ನೆಂಟ. ಕೊನೆಗೆ ಫೋಟೋ ಅಲ್ಲೇ ಉಳಿಯಿತು. ಲತೇಶ ಮಾತ್ರ ಅದಕ್ಕೆ ಕೈ ಮುಗಿಯುವುದನ್ನು ಬಿಟ್ಟು, ದಿನಾ ಬೆಳಿಗ್ಗೆ ಕೈ ಕುಲುಕುವ ಹಾಗೆ ಅಭಿನಯ ಮಾಡತೊಡಗಿದ.

ಆಯುಧ ಪೂಜೆಯ ದಿನ ಮಧ್ಯಾಹ್ನ ಒಂದು ಜೋರು ಮಳೆ ಬಿದ್ದು ಹೋಗಿ, ಕಡಲು ಸ್ನಾನ ಮಾಡಿ ತಲೆ ಒರೆಸಿಕೊಂಡು ಕೂತ ಹಾಗಿತ್ತು. ಕೊರಗಪ್ಪ ಚುಕ್ಕಾಣಿಗೆ ಮಾವಿನೆಲೆ ಕಟ್ಟಿದ. ಇಂಜಿನ್ನಿಗೆ, ಹಗ್ಗಕ್ಕೆ, ರೇಡಿಯೋಗೆ, ಬೆಂಕಿ ಆರಿಸುವ ಸಿಲಿಂಡರಿಗೆ ಕುಂಕುಮ ಬಿತ್ತು. ತೆಂಗಿನಕಾಯಿಯನ್ನು ಮಾತ್ರ ಪ್ಲಾಸ್ಟಿಕ್ ಬಕೆಟಿನೊಳಗೆ ಒಡೆಯಬೇಕಾಯಿತು. ಒಂದು ಚೂರು ನೀರಿಗೆ ಬಿದ್ದರೂ ದಂಡ ಎಂದು ಮಿಸ್ಟರ್ ಸಿಯಾ ಸ್ವತಃ ಬಕೆಟ್ ಹಿಡಿದು ನಿಂತಿದ್ದರು. ಮಂಗಳಾರತಿ ತೆಗೆದುಕೊಂಡು, ಒಂದು ಹೋಳು ಕಾಯಿ ಬಾಯಿಗೆ ಹಾಕಿಕೊಂಡು, "ಗುಡ್ ರೈಡ್ ಕೋರಾ," ಎಂದು ಅವರು ಆಫೀಸಿಗೆ ಹೋದರು.

ಐದೂವರೆಯ ಸುಮಾರಿಗೆ ಜೆಟ್ಟಿಯ ಆ ತುದಿಯಲ್ಲಿ ಹಸಿರು ಸೀರೆ ಕಾಣಿಸಿತು. ಪುಷ್ಪಾವತಿ ಅವಲಕ್ಕಿಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ನೆಲವನ್ನೇ ನೋಡುತ್ತಾ, ಒಂದೊಂದೇ ಹಲಗೆ ಅಳೆದು ಬರುತ್ತಿದ್ದಳು. ಯಶ್ಮಿತಾ ಅವಳ ತೋಳು ಹಿಡಿದಿದ್ದಳು.

"ಪಪ್ಪಾ, ಅಮ್ಮ ಮೂರು ಗಂಟೆಗೇ ಕಿಚನ್ ಲೈಟ್ ಆನ್ ಮಾಡಿ ಬಂದಿದ್ದಾರೆ," ಎಂದಳು ಮಗಳು. "ನಾನು ಆಫ್ ಮಾಡೋದಕ್ಕೆ ಹೋದ್ರೆ ಬೈದ್ರು."

"ಇರ್ಲಿ ಬಿಡು," ಎಂದ ಕೊರಗಪ್ಪ. ಅವನ ಮನಸ್ಸು ಲೈಟಿನ ಮೇಲೆ ಇರಲಿಲ್ಲ.

ಲತೇಶ ಬೋಟನ್ನು ಜೆಟ್ಟಿಗೆ ಒತ್ತಿ ಹಗ್ಗ ಬಿಗಿಹಿಡಿದ. ಬೋಟಿಗೂ ಜೆಟ್ಟಿಗೂ ನಡುವೆ ಒಂದು ಗೇಣು ನೀರು ಉಸಿರಾಡುತ್ತಿತ್ತು. ಪುಷ್ಪಾವತಿ ಆ ಒಂದು ಗೇಣಿನ ಮುಂದೆ ನಿಂತಳು. ಬೋಟಿನ ಮೂತಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದಳು. ಆಮೇಲೆ ಗಾಜಿನೊಳಗೆ ಕಾಣುತ್ತಿದ್ದ ಫೋಟೋ ನೋಡಿದಳು.

"ಅವರೇ ಅಲ್ವಾ? ಮನೆಗೆ ಬಂದವರು?"

ಕೊರಗಪ್ಪ ಕೈ ಚಾಚಿ ನಿಂತಿದ್ದ. ಅವಳು ಕೈ ಕೊಟ್ಟರೆ ಮುಗಿಯಿತು. ಇಷ್ಟು ವರ್ಷ ಕಾದದ್ದು ಒಂದು ಗೇಣಿನಲ್ಲಿತ್ತು, ಒಂದು "ಹೂಂ"ನಲ್ಲಿತ್ತು. ಆದರೆ ಅವನು, ಕುಡಿದು ಬಂದ ನಾವಿಕನಾದರೂ ಸರಿ, ಕಡಲು ಹೇಗಿದೆ ಎಂದು ನಿಜ ಹೇಳದೆ ಯಾರನ್ನೂ ಹತ್ತಿಸಿಕೊಂಡವನಲ್ಲ. ಸುಳ್ಳು ಹೇಳಿ ಹತ್ತಿಸಿದ ಮೊದಲ ಪ್ರಯಾಣಿಕಳು ಹೆಂಡತಿಯಾಗುವುದು ಅವನಿಗೆ ಸರಿಕಾಣಲಿಲ್ಲ.

"ಅವ ಬೇರೆ," ಎಂದ. "ವಾಸ್ಕೋ ಡ ಗಾಮ. ಫೋಟೋ ತಪ್ಪಿದ್ದು."

"ನಾನೇ ತಂದದ್ದು ಅಕ್ಕ," ಎಂದ ಲತೇಶ ಹಗ್ಗ ಹಿಡಿದುಕೊಂಡೇ. "ಗಡ್ಡ ನೋಡಿ ಮೋಸ ಹೋದೆ."

"ಮತ್ತೆ ಮೆಗಲನ್?"

"ಮೆಗಲನ್..." ಕೊರಗಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಅವನು ಮನೆಗೆ ಬರ್ಲಿಲ್ಲ ಮಾರಾಯ್ತಿ. ಅರ್ಧದಲ್ಲೇ ಹೋದ. ನಿನ್ಗೆ ಹೇಳುವಾಗ ನನಗೂ ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು, ಹೇಳ್ಳಿಕ್ಕೆ ಧೈರ್ಯ ಬರ್ಲಿಲ್ಲ. ನೀನು ಬರುದಿಲ್ಲಾದ್ರೆ ಬೇಡ. ಇಲ್ಲೇ ಕೂತು ಅವಲಕ್ಕಿ ತಿಂದು ಹೋಗುವ."

ಪುಷ್ಪಾವತಿ ಆ ಒಂದು ಗೇಣು ನೀರನ್ನೇ ನೋಡುತ್ತಿದ್ದಳು. ನಾಲ್ಕನೆಯ ಕ್ಲಾಸಿನ ಹುಡುಗಿ ಯಾರನ್ನೋ ಕಾಯುತ್ತಾ ನಿಂತ ಹಾಗೆ ನಿಂತಿದ್ದಳು. ಒಂದು ಸಣ್ಣ ಅಲೆ ಬಂದು ಬೋಟನ್ನು ಎತ್ತಿ ಇಳಿಸಿತು.

"ಆ ಮೆಗಲನ್‌ಗೆ ಹೆಂಡತಿ ಇದ್ಲಾ?" ಎಂದು ಕೇಳಿದಳು.

"ಇದ್ಲು ಅಮ್ಮ," ಎಂದಳು ಯಶ್ಮಿತಾ.

"ಅವಳಿಗೆ ಸಮುದ್ರ ಕಾಣುವ ಕಿಟಕಿ ಇದ್ದಿರ್ಲಿಕ್ಕಿಲ್ಲ. ಲೈಟ್ ಹಾಕಿಡ್ಬೇಕು ಅಂತ ಯಾರೂ ಹೇಳಿರ್ಲಿಕ್ಕಿಲ್ಲ, ಪಾಪ." ಪುಷ್ಪಾವತಿ ಅವಲಕ್ಕಿಯ ಡಬ್ಬಿಯನ್ನು ಮಗಳ ಕೈಗೆ ಕೊಟ್ಟಳು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಳು. "ನನ್ನ ಮಾವ ಹೋದಾಗ ನಮ್ಮ ಮನೆಯಲ್ಲಿ ಕರೆಂಟೇ ಇರ್ಲಿಲ್ಲ. ನೀವು ದಿನಾ ಬರ್ತೀರಲ್ಲ, ನನಗೆ ಅಷ್ಟು ಸಾಕು. ಕೈ ಕೊಡಿ. ಗಟ್ಟಿಯಾಗಿ ಹಿಡೀರಿ ಮಾರಾಯ್ರೆ, ತರಕಾರಿ ಚೀಲ ಹಿಡಿದ ಹಾಗೆ ಹಿಡೀಬೇಡಿ."

ಅವಳು ಕಣ್ಣು ಮುಚ್ಚಿಕೊಂಡು ದಾಟಿದಳು. ಐದು ಹಡಗು ಕಟ್ಟಿಕೊಂಡು ಸಾಗರಗಳನ್ನು ದಾಟಿದವನ ಹೆಸರಿನ ಮೇಲೆ ಅವಳ ಒಂದು ಗೇಣು ದಾಟಿದ ಕಾಲು ಬಿತ್ತು. ಕೊರಗಪ್ಪನ ಮಟ್ಟಿಗೆ ಇದೇ ದೊಡ್ಡ ಪ್ರಯಾಣ. ಲತೇಶ ಶಿಳ್ಳೆ ಹೊಡೆಯಹೋಗಿ, ಅಕ್ಕನ ಮುಖ ನೋಡಿ, ಅದನ್ನು ಕೆಮ್ಮಾಗಿ ಪರಿವರ್ತಿಸಿಕೊಂಡು ಇಂಜಿನ್ನಿಗೆ ಇಳಿದ.

ಮೆಗಲನ್ ಜೆಟ್ಟಿ ಬಿಟ್ಟಿತು. ಮೊದಲು ಪುಷ್ಪಾವತಿ ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದಳು. ಕಂಟೇನರ್‌ಗಳನ್ನು ಎತ್ತಿಳಿಸುವ ಕ್ರೇನುಗಳು ಹಿಂದಕ್ಕೆ ಸರಿಯುತ್ತಿದ್ದಂತೆ ಒಂದು ಕೈ ಬಿಟ್ಟಳು. ಒಂದು ದೊಡ್ಡ ಹಡಗಿನ ಪಕ್ಕದಲ್ಲಿ ಹಾದುಹೋಗುವಾಗ, ಎತ್ತರದಲ್ಲಿ ಬಟ್ಟೆ ಒಣಗಿಸುತ್ತಿದ್ದ ನಾವಿಕನೊಬ್ಬ ಕೈ ಬೀಸಿದ. ಇವಳು ಇನ್ನೊಂದು ಕೈಯನ್ನೂ ಬಿಟ್ಟು ತಿರುಗಿ ಬೀಸಿದಳು. ಆಮೇಲೆ ಡಬ್ಬಿ ತೆರೆದು ಎಲ್ಲರಿಗೂ ಅವಲಕ್ಕಿ ಹಂಚಿದಳು. ಚುಕ್ಕಾಣಿ ಕೋಣೆಯ ಹಲಗೆಯ ಮೇಲೆ ಮೂವರಿಗೂ ಒಂದೊಂದು ಚಿಟಿಕೆ ಇಟ್ಟಳು. ಗಡ್ಡದವನ ಮುಂದೆ ಇಡುವಾಗ, "ನಮ್ಮೂರಿಗೆ ಬಂದವರಲ್ವಾ, ತಗೊಳ್ಳಿ," ಎಂದಳು.

"ಅಮ್ಮ, ಭಯ ಹೋಯ್ತಾ?" ಎಂದಳು ಯಶ್ಮಿತಾ.

"ಭಯ ಎಂಥದ್ದು? ಬಸ್ಸಿಗಿಂತ ಒಳ್ಳೇದುಂಟು. ನಿಂತ್ಕೊಂಡು ಹೋಗುವವರು ಯಾರೂ ಇಲ್ಲ."

ಕೊರಗಪ್ಪ ಹಿಂದಿರುಗಿ ನೋಡಲಿಲ್ಲ. ಎದುರಿನ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ಮೂವತ್ತು ವರ್ಷ ಚಿಕ್ಕವಳಾದಂತೆ ಕಂಡಿತು. ಹೊಸ ಬೋಟಿಗೆ ಬರೀ ನಂಬರು ಸಾಕಾಗದು, ಮಿಸ್ಟರ್ ಸಿಯಾ ಜೊತೆ ಮಾತಾಡಬೇಕು ಎಂದುಕೊಂಡ. ಪುಷ್ಪಾವತಿ ಎಂಬ ಹೆಸರು ಆ ಬೋಟಿನ ಮೂತಿಯ ಮೇಲೆ ಹಿಡಿಸುತ್ತದೆಯೇ ಎಂದು ಮನಸ್ಸಿನಲ್ಲೇ ಅಕ್ಷರ ಕೂಡಿಸಿ ನೋಡಿದ. ಹಿಡಿಸುತ್ತಿತ್ತು.

ಹೊತ್ತು ಇಳಿಯಿತು. ಲಂಗರು ಹಾಕಿದ ಹಡಗುಗಳಲ್ಲಿ ಒಂದೊಂದೇ ದೀಪ ಹತ್ತಿತು. ದಡದ ಉದ್ದಕ್ಕೂ ಕಿಟಕಿಗಳು ಹತ್ತಿದವು, ಸಾವಿರಾರು, ಯಾರೋ ಬುಟ್ಟಿ ತುಂಬ ಸೇವಂತಿಗೆ ಚೆಲ್ಲಿದ ಹಾಗೆ. ಕೊರಗಪ್ಪ ಇಂಜಿನ್ ನಿಧಾನ ಮಾಡಿದ. ಪುಷ್ಪಾವತಿ ಎದ್ದು ಬಂದು ಅವನ ಪಕ್ಕದಲ್ಲಿ, ಚುಕ್ಕಾಣಿಗೆ ಕೈಯಿಟ್ಟು ನಿಂತಳು. ಆ ಸಾವಿರ ಬೆಳಕುಗಳನ್ನು ಈ ತುದಿಯಿಂದ ಆ ತುದಿಯವರೆಗೆ, ಗುಂಪಿನಲ್ಲಿ ಮಗುವನ್ನು ಹುಡುಕುವವಳ ಹಾಗೆ, ನಿಧಾನವಾಗಿ ಹುಡುಕಿದಳು. ಯಶ್ಮಿತಾ ಅಪ್ಪನ ಮುಖ ನೋಡಿದಳು. ಆಗ ಕೊರಗಪ್ಪನಿಗೆ ಬಂಗುಡೆಯ ಮುಳ್ಳು ನೆನಪಾಯಿತು.

"ಇದರಲ್ಲಿ ನಮ್ಮ ಅಡುಗೆಮನೆಯ ಲೈಟ್ ಯಾವುದು ಮಾರಾಯ್ರೆ?" ಎಂದು ಕೇಳಿದಳು ಪುಷ್ಪಾವತಿ. "ನೀವು ದಿನಾ ನೋಡುದು?"

ಕೊರಗಪ್ಪ ಕೈಯೆತ್ತಿ ಯಾವುದಾದರೊಂದು ಬೆಳಕನ್ನು ತೋರಿಸಬಹುದಿತ್ತು. ಸಾವಿರ ಇದ್ದವು. ಎತ್ತಿದ ಕೈಯನ್ನು ಅವನು ತಲೆಗೆ ಒಯ್ದು ಕೆರೆದುಕೊಂಡ.

"ಬೋಟಿಂದ ಯಾವತ್ತೂ ಕಂಡಿಲ್ಲ ಮಾರಾಯ್ತಿ. ನಮ್ಮ ಮನೆ ಆ ಕಡೆಯ ಕಡಲಿಗೆ, ನಾನು ಇರುದು ಈ ಕಡೆಯ ಕಡಲಲ್ಲಿ, ನಡುವೆ ಇಡೀ ಸಿಂಗಾಪುರ ಅಡ್ಡ ಉಂಟು. ಪಾಸಿರ್ ರಿಸ್‌ನಲ್ಲಿ ಎಂಆರ್‌ಟಿ ಇಳಿದು, ಆ ಸೂಪರ್‌ಮಾರ್ಕೆಟ್ ದಾಟಿ, ನಮ್ಮ ಬ್ಲಾಕಿನ ಹತ್ತಿರ ಬಂದ ಮೇಲೇ ಅದು ಕಾಣುದು."